ಬಾಸ್ ಮೀನಿಗೆ ಫ್ಲೈ ಲೈನ್: ಯಾವುದು ಕೊಳ್ಳಬೇಕು, ಯಾವುದು ಬೇಡ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಮನೆ ಹತ್ತಿರದ ಕೆರೆಯಲ್ಲಿ ಬಾಸ್ ಹಿಡಿಯಬೇಕೆಂದು ಫ್ಲೈ ಫಿಶಿಂಗ್‌ಗೆ ಇಳಿದಾಗ ರಾಡ್ ಆರಿಸುವುದರಲ್ಲಿ ಅಷ್ಟೇನೂ ತಲೆ ಕೆಡುವುದಿಲ್ಲ. ಒಂಬತ್ತು ಅಡಿ ಉದ್ದದ, 8 ನಂಬರಿನ ರಾಡ್ ಎಂದು ಅಂಗಡಿಯವರೇ ಹೇಳಿ ಕೈಗೆ ಕೊಡುತ್ತಾರೆ. ಗೊಂದಲ ಶುರುವಾಗುವುದು ಲೈನ್ ಡಬ್ಬಿಗಳ ಮುಂದೆ ನಿಂತಾಗ. ಒಂದರ ಮೇಲೆ ಟ್ರೌಟ್ ಚಿತ್ರ, ಇನ್ನೊಂದರ ಮೇಲೆ ಬಾಸ್, ಮತ್ತೊಂದರ ಮೇಲೆ ಸಮುದ್ರದ ಮೀನು. ಬೆಲೆ 50 ಡಾಲರಿನ ಆಸುಪಾಸಿನಿಂದ 130ರ ಹತ್ತಿರದವರೆಗೆ. ಎಲ್ಲದರ ಮೇಲೂ ಅದೇ 8. ಹಾಗಿದ್ದರೆ ವ್ಯತ್ಯಾಸ ಏನು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಲೈನಿಗೆ ದುಡ್ಡಿದ್ದರೆ ಬಾಸ್‌ಗೆಂದೇ ಮಾಡಿದ, ಭಾರವೆಲ್ಲ ಮುಂದಿರುವ, ತೇಲುವ ಲೈನ್ ಕೊಳ್ಳಿ. ಎರಡನೆಯದಕ್ಕೆ ದುಡ್ಡು ಕೂಡಿದ ಮೇಲೆ ನಿಮ್ಮ ನೀರಿನ ಆಳ ನೋಡಿ, ನಿಧಾನವಾಗಿ ಮುಳುಗುವ ಇಂಟರ್‌ಮೀಡಿಯೆಟ್ ಅಥವಾ ತುದಿ ಮುಳುಗುವ ಲೈನ್ ಕೊಳ್ಳಿ. ಮೂರನೆಯದು ಹೆಚ್ಚಿನವರಿಗೆ ಬೇಕಾಗುವುದೇ ಇಲ್ಲ. ಈ ಮಾತು ಎಲ್ಲಿ ಸುಳ್ಳಾಗುತ್ತದೆ ಎಂಬುದೂ ಮುಂದೆ ಬರುತ್ತದೆ. ಕೊಳ್ಳುವವರು ತಿಳಿದಿರಬೇಕಾದದ್ದು ಮುಖ್ಯವಾಗಿ ಅದನ್ನೇ.

ಭಾರ ಇರುವುದು ಲೈನಿನಲ್ಲಿ

ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್‌ಗೆ ಗಾಳ ಹಾಕುತ್ತಿದ್ದ ಕಾಲದಲ್ಲಿ ಎರೆಯಾಗಿ ಬಳಸುತ್ತಿದ್ದದ್ದು ರಾಗಿ ಉಂಡೆ. ಬೀಸಿ ಎಸೆದರೆ ಉಂಡೆಯೇ ತನ್ನ ಭಾರಕ್ಕೆ ಹಾರಿಹೋಗಿ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈ ಫಿಶಿಂಗ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಗರಿ, ಕೂದಲು, ನೂಲು ಸುತ್ತಿ ಕಟ್ಟಿದ ಫ್ಲೈಗೆ ಎಸೆಯುವಷ್ಟು ಭಾರವೇ ಇಲ್ಲ. ರಾಡ್ ಎಸೆಯುವುದು ಲೈನನ್ನು. ಗಾಳಿಯಲ್ಲಿ ಮಡಿಕೆ ಬಿಚ್ಚುತ್ತಾ ಹೋಗುವ ಲೈನ್ ಕೊನೆಗೆ ಫ್ಲೈಯನ್ನು ತಿರುಗಿಸಿ ನೀರಿಗೆ ಇಳಿಸುತ್ತದೆ.

ಟ್ರೌಟ್ ಹಿಡಿಯುವವರ ಫ್ಲೈ ಸೊಳ್ಳೆಯಷ್ಟು ಸಣ್ಣದಿರಬಹುದು, ಅದನ್ನು ತಿರುಗಿಸಲು ತೆಳ್ಳಗಿನ ಲೈನ್ ಸಾಕು. ಬಾಸ್ ಹಾಗಲ್ಲ. ಕಪ್ಪೆ, ಕ್ರೇಫಿಶ್, ಸಣ್ಣ ಮೀನು, ಒಮ್ಮೊಮ್ಮೆ ಬಾತುಕೋಳಿ ಮರಿಯನ್ನೂ ಬಾಯಿಗೆ ಹಾಕಿಕೊಳ್ಳುವ ಮೀನು ಅದು. ಅದಕ್ಕೆ ಕಟ್ಟುವ ಫ್ಲೈಗಳೂ ಅಷ್ಟೇ ದೊಡ್ಡವು. ಜಿಂಕೆ ಕೂದಲನ್ನು ಒತ್ತಿ ಕಟ್ಟಿ ಕತ್ತರಿಸಿದ, ನೀರ ಮೇಲೆ ತೇಲುತ್ತಾ ಸದ್ದು ಮಾಡುವ ಪಾಪರ್, ಎಳೆದಾಗ ನೀರೊಳಗೆ ಮುಳುಗಿ ಬಿಟ್ಟಾಗ ಮೇಲೇಳುವ ಡಾಲ್‌ಬರ್ಗ್ ಡೈವರ್, ಸೀಸದ ಕಣ್ಣುಗಳ ಕ್ಲೌಸರ್ ಮಿನ್ನೊ. ಮೊದಲೆರಡು ಗಾಳಿಯನ್ನು ತಡೆಯುತ್ತವೆ. ಮೂರನೆಯದು ಭಾರದಿಂದ ಜಗ್ಗುತ್ತದೆ. ಯಾವುದನ್ನು ಕಟ್ಟಿದರೂ ತೆಳುತುದಿಯ ಲೈನಿನ ಶಕ್ತಿ ಫ್ಲೈ ಮುಟ್ಟುವ ಮೊದಲೇ ಸತ್ತುಹೋಗುತ್ತದೆ. ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳ್ಳನೆಯ ದಾರ, ಅಂದರೆ ಲೀಡರ್, ಗುಪ್ಪೆಯಾಗಿ ನೀರಿಗೆ ಬೀಳುತ್ತದೆ.

ಆದ್ದರಿಂದ ರಾಡ್ ಮೇಲಿನ ನಂಬರಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ನಾನು ಎಸೆಯುವ ಫ್ಲೈ ಎಷ್ಟು ದೊಡ್ಡದು? ಮೀನು ಎಷ್ಟು ಆಳದಲ್ಲಿದೆ?

ಡಬ್ಬಿ ಮೇಲಿನ 8 ನಿಜವಾದ 8 ಇರಲಿಕ್ಕಿಲ್ಲ

ಲೈನಿನ ನಂಬರ್ ಎಂದರೆ ಅದರ ಮೊದಲ 30 ಅಡಿಯ ತೂಕ. 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರ ಸಂಘ ಒಪ್ಪಿಕೊಂಡ ಅಳತೆ ಇದು. ತೂಕವನ್ನು ಗ್ರೇನ್ ಎಂಬ ಹಳೆಯ ಮಾನದಲ್ಲಿ ಹೇಳುತ್ತಾರೆ. 6 ನಂಬರಿಗೆ 160 ಗ್ರೇನ್, 7ಕ್ಕೆ 185, 8ಕ್ಕೆ 210, 9ಕ್ಕೆ 240, 10ಕ್ಕೆ 280. ನಮ್ಮ ಲೆಕ್ಕಕ್ಕೆ ತಂದರೆ 8 ನಂಬರಿನ ಲೈನಿನ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗಬೇಕು.

ತೂಗುವುದಿಲ್ಲ. ಈಗಿನ ರಾಡ್‌ಗಳು ಮೊದಲಿನವಕ್ಕಿಂತ ಬಿಗಿಯಾಗಿರುವುದರಿಂದ ಅವು ಬಾಗಲೆಂದು ತಯಾರಕರು ಲೈನನ್ನೇ ಅರ್ಧ ನಂಬರ್ ಅಥವಾ ಒಂದು ನಂಬರ್, ಕೆಲವೊಮ್ಮೆ ಇನ್ನೂ ಹೆಚ್ಚು ಭಾರವಾಗಿ ಮಾಡುತ್ತಾರೆ. ಬಾಸ್ ಲೈನುಗಳಲ್ಲಂತೂ ಇದು ಮಾಮೂಲು. ಡಬ್ಬಿಯ ಮುಂಭಾಗದಲ್ಲಿ 8 ಎಂದಿರುತ್ತದೆ, ಹಿಂಭಾಗದ ಸಣ್ಣಕ್ಷರದಲ್ಲಿ ಮೊದಲ 30 ಅಡಿಗೆ 240 ಗ್ರೇನ್ ಎಂದಿರುತ್ತದೆ. ಅಂದರೆ ಅದು ಹಳೆಯ ಲೆಕ್ಕದಲ್ಲಿ 9.

ಇದರಲ್ಲಿ ಮೋಸವೇನೂ ಇಲ್ಲ, ತಿಳಿದು ಕೊಂಡರೆ ಅನುಕೂಲವೇ. ತೊಂದರೆ ಬರುವುದು ಹಳಬರ ಸಲಹೆ ಕೇಳಿದಾಗ. ‘ಬಾಸ್‌ಗೆ ಯಾವಾಗಲೂ ರಾಡ್‌ಗಿಂತ ಒಂದು ನಂಬರ್ ಮೇಲಿನ ಲೈನ್ ಹಾಕು’ ಎಂಬ ಮಾತು ಲೈನುಗಳು ಸರಿಯಾದ ತೂಕದಲ್ಲಿ ಬರುತ್ತಿದ್ದ ಕಾಲಕ್ಕೆ ಒಪ್ಪುತ್ತಿತ್ತು. ಈಗ 8ರ ರಾಡ್‌ಗೆ 9 ಎಂದು ಬರೆದ, ಒಳಗೊಳಗೇ ಒಂದು ನಂಬರ್ ಭಾರ ಕೂಡಿಸಿದ ಲೈನ್ ಹಾಕಿದರೆ ಕೈಯಲ್ಲಿರುವುದು 10. ರಾಡ್ ಸೋತು ನುಲಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತದೆ. ಬಾಸ್ ಲೈನನ್ನು ರಾಡ್ ನಂಬರಿಗೆ ಸರಿಯಾಗಿ ಕೊಳ್ಳಿ, ಭಾರ ಅದರಲ್ಲೇ ಸೇರಿದೆ.

ಗ್ರೇನ್ ಓದುವಾಗ ಇನ್ನೊಂದು ಎಚ್ಚರ. ಕೆಲವು ಕಂಪನಿಗಳು 30 ಅಡಿಯ ತೂಕ ಕೊಡುತ್ತವೆ, ಕೆಲವು ಇಡೀ ಹೆಡ್‌ನ, ಅಂದರೆ ಲೈನಿನ ಮುಂದಿನ ದಪ್ಪ ಭಾಗದ ತೂಕ, ಕೆಲವು ಎರಡೂ. 36 ಅಡಿಯ ಹೆಡ್ ತೂಕವನ್ನು ಇನ್ನೊಂದರ 30 ಅಡಿಯ ತೂಕದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಡಬ್ಬಿ ಕಳೆದುಹೋದ ಲೈನ್ ಮನೆಯಲ್ಲಿದ್ದರೆ ಮೊದಲ 30 ಅಡಿಯನ್ನು ಸುತ್ತಿ, ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಮೇಲಿಟ್ಟು ನೋಡಿ, ನಿಜ ತಿಳಿಯುತ್ತದೆ.

ಗಿಡ್ಡ ಹೆಡ್, ಉದ್ದ ಹೆಡ್

ಈಗ ಮಾರಾಟವಾಗುವ ಲೈನುಗಳಲ್ಲಿ ಬಹುಪಾಲು ವೆಯ್ಟ್ ಫಾರ್ವರ್ಡ್. ಮುಂದೆ ದಪ್ಪಗಿನ ಹೆಡ್, ಹಿಂದೆ ತೆಳ್ಳಗಿನ ರನ್ನಿಂಗ್ ಲೈನ್. ಡಬ್ಬಿ ಮೇಲಿನ ಡಬ್ಲ್ಯುಎಫ್-8-ಎಫ್ ಎಂಬ ಗುರುತಿನ ಅರ್ಥ ವೆಯ್ಟ್ ಫಾರ್ವರ್ಡ್, 8 ನಂಬರ್, ಫ್ಲೋಟಿಂಗ್ ಎಂದಷ್ಟೇ. ಆ ಹೆಡ್ ಎಷ್ಟು ಉದ್ದ, ಅದರ ಭಾರ ಎಲ್ಲಿ ಕೂತಿದೆ ಎಂಬುದನ್ನು ಗುರುತು ಹೇಳುವುದಿಲ್ಲ. ದುಡ್ಡು ಕೊಡುವ ಮೊದಲು ನೋಡಬೇಕಾದದ್ದು ಅದನ್ನೇ.

ಸಾಮಾನ್ಯ ಟ್ರೌಟ್ ಲೈನಿನಲ್ಲಿ ಹೆಡ್ 40ರಿಂದ 50 ಅಡಿ ಇರುತ್ತದೆ, ತುದಿಯ ಕಡೆ ನಿಧಾನವಾಗಿ ತೆಳುವಾಗುತ್ತಾ ಬರುತ್ತದೆ. ನೀರಿಗೆ ಸದ್ದಿಲ್ಲದೆ ಇಳಿಯುತ್ತದೆ. ಹರಿಯುವ ಹೊಳೆಯಲ್ಲಿ ಲೈನನ್ನು ಎತ್ತಿ ಮೇಲುಹೊಳೆಯ ಕಡೆ ಸರಿಸಿಡಲು ಉದ್ದನೆಯ ಹೆಡ್ ಬಹಳ ಅನುಕೂಲ. ಬಾಸ್ ಲೈನಿನ ಹೆಡ್ 30ರಿಂದ 35 ಅಡಿಯ ಸುತ್ತ. ತುದಿಯ ಕೆಲವೇ ಅಡಿಯಲ್ಲಿ ದಪ್ಪದಿಂದ ತೆಳುವಿಗೆ ಇಳಿದುಬಿಡುತ್ತದೆ, ಭಾರವೆಲ್ಲ ಫ್ಲೈ ಪಕ್ಕದಲ್ಲೇ ಇರುತ್ತದೆ. ದೊಡ್ಡ ಪಾಪರ್ ಇದ್ದರೂ ದೂಡಿಕೊಂಡು ಹೋಗುತ್ತದೆ.

ಬಾಸ್ ಹಿಡಿಯುವ ರೀತಿಗೂ ಇದೇ ಹೊಂದುತ್ತದೆ. ಲಾರ್ಜ್‌ಮೌತ್ ಬಾಸ್ ನೀರಿಗೆ ಬಿದ್ದ ಮರ, ದೋಣಿಕಟ್ಟೆಯ ನೆರಳು, ಜೊಂಡಿನ ಅಂಚು, ತಾವರೆ ಎಲೆಗಳ ನಡುವಿನ ಕಿಂಡಿ ಇಂಥ ಕಡೆ ಹೊಂಚು ಹಾಕಿ ಕೂರುತ್ತದೆ. ನೀವು 30ರಿಂದ 50 ಅಡಿ ದೂರದಿಂದ ಒಂದು ಕಿಂಡಿಗೆ ಎಸೆದು, ಒಂದೆರಡು ಸಲ ಗುಳುಕ್ ಅನ್ನಿಸಿ, ಕಚ್ಚಲಿಲ್ಲವೆಂದರೆ ಎತ್ತಿ ಪಕ್ಕದ ಕಿಂಡಿಗೆ ಎಸೆಯುತ್ತೀರಿ. ತಲೆಮೇಲೆ ಐದಾರು ಸಲ ಬೀಸುತ್ತಾ ನಿಲ್ಲಲು ಪುರುಸೊತ್ತಿಲ್ಲ, ಬೀಸಿದಷ್ಟೂ ಜಿಂಕೆ ಕೂದಲಿನ ಪಾಪರ್ ಲೈನನ್ನು ನುಲಿಸುತ್ತದೆ. ಗಿಡ್ಡ ಹೆಡ್ ಇದ್ದರೆ ಎತ್ತಿ, ಒಮ್ಮೆ ಹಿಂದೆ ಬೀಸಿ, ಮುಂದೆ ಬಿಟ್ಟರೆ ಮುಗಿಯಿತು. ಕಯಾಕ್‌ನಲ್ಲಿ ನೀರಿನ ಮಟ್ಟಕ್ಕೆ ಕೂತು ಎಸೆಯುವವರಿಗಂತೂ ಬೇರೆ ದಾರಿ ಇಲ್ಲ ಎಂದೇ ನನ್ನ ಅಭಿಪ್ರಾಯ.

ಗಿಡ್ಡ ಹೆಡ್‌ಗೆ ತಕರಾರುಗಳೂ ಇವೆ. ನೀರಿಗೆ ಬೀಳುವಾಗ ಸದ್ದು ಮಾಡುತ್ತದೆ. ಹೆಡ್ ಪೂರ್ತಿ ರಾಡ್ ತುದಿಯಿಂದ ಆಚೆ ಹೋಗಿ ರನ್ನಿಂಗ್ ಲೈನ್ ಗಾಳಿಯಲ್ಲಿರುವಾಗ ಎಸೆಯಲು ಹೋದರೆ, ದಪ್ಪ ತೆಳು ಕೂಡುವ ಜಾಗದಲ್ಲಿ ಲೈನ್ ಮುರಿದಂತೆ ಮಡಚಿ ಎಸೆತ ಕೆಡುತ್ತದೆ. ಹಾಗಾಗಿ ದೂರ ಎಸೆದ ಮೇಲೆ ಹೆಡ್ ರಾಡ್‌ವರೆಗೆ ಬರುವಷ್ಟು ಎಳೆದುಕೊಂಡೇ ಎತ್ತಬೇಕು. ಎರಡೂ ಬಣ್ಣ ಬೇರೆ ಇರುವ ಲೈನ್ ಸಿಕ್ಕರೆ ಅದನ್ನೇ ಕೊಳ್ಳಿ, ಹೆಡ್ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಕಾಣುತ್ತದೆ. ಲೈನಿನ ಬಣ್ಣದ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದು ಇಷ್ಟಕ್ಕೇ. ಬಾಸ್ ಹೆದರುತ್ತದೋ ಇಲ್ಲವೋ ಎಂಬ ವಾದವನ್ನು ಲೀಡರಿನ ಉದ್ದ ಬಗೆಹರಿಸುತ್ತದೆ.

ಟ್ರೌಟ್ ಲೈನೇ ಮೇಲೆನಿಸುವ ಜಾಗ ಸ್ಮಾಲ್‌ಮೌತ್ ಬಾಸ್ ಇರುವ ಹೊಳೆಗಳು. ಪೆನ್ಸಿಲ್ವೇನಿಯಾದ ಸಸ್ಕ್ವಹಾನಾ ನದಿ ಅಗಲವಾಗಿ, ಬಂಡೆಗಳ ಮೇಲೆ ತೆಳ್ಳಗೆ ಹರಿಯುತ್ತದೆ. ಬಾಬ್ ಕ್ಲೌಸರ್ ತನ್ನ ಮಿನ್ನೊ ಫ್ಲೈಯನ್ನು ರೂಪಿಸಿದ್ದು ಇಲ್ಲಿನ ಸ್ಮಾಲ್‌ಮೌತ್‌ಗಳಿಗಾಗಿಯೇ. ಬೇಸಿಗೆ ಕೊನೆಯ ಸಂಜೆಗಳಲ್ಲಿ ಬಿಳಿ ಮೇಫ್ಲೈಗಳು ನೀರಿನಿಂದ ಹಿಂಡುಹಿಂಡಾಗಿ ಏಳುವಾಗ ಈ ಮೀನುಗಳು ಟ್ರೌಟ್‌ನಂತೆಯೇ ಮೇಲ್ಮೈಯಲ್ಲಿ ಹುಳು ಹೀರುತ್ತವೆ. ಆಗ 6 ನಂಬರಿನ ರಾಡ್, ಉದ್ದ ಹೆಡ್‌ನ ಸಾದಾ ಲೈನ್ ಸಾಕು. ಬಾಸ್ ಲೈನ್ ಧಪ್ ಎಂದು ಬಿದ್ದರೆ ಸುತ್ತಲಿನ ಮೀನು ಚದುರುತ್ತವೆ. ಟೆಕ್ಸಾಸಿನ ಲಾನೊದಂಥ ತಿಳಿನೀರಿನ ಹೊಳೆಗಳಲ್ಲಿ ಗ್ವಾಡಲೂಪ್ ಬಾಸ್ ಹಿಡಿಯುವವರಿಗೂ ಇದೇ ಮಾತು. ಅದು ಆ ರಾಜ್ಯದ ಅಧಿಕೃತ ಮೀನು, ಗಾತ್ರದಲ್ಲಿ ಸಣ್ಣದು, 5 ಅಥವಾ 6 ನಂಬರ್ ಧಾರಾಳವಾಯಿತು.

ಎರಡೂ ಕಡೆ ತೆಳುವಾಗುವ ಡಬಲ್ ಟೇಪರ್ ಲೈನ್ ಒಂದು ತುದಿ ಸವೆದ ಮೇಲೆ ತಿರುಗಿಸಿ ಬಳಸಬಹುದೆಂದು ಅಗ್ಗ ಅನ್ನಿಸುತ್ತದೆ. ಬಾಸ್‌ಗೆ ಬೇಡ. ಉಪ್ಪುನೀರಿನ ರೆಡ್‌ಫಿಶ್‌ಗೆ ಮಾಡಿದ ಲೈನ್ ಮನೆಯಲ್ಲಿದ್ದರೆ ಮಾತ್ರ ಧೈರ್ಯವಾಗಿ ಬಳಸಿ, ಹೆಡ್ ರಚನೆಯಲ್ಲಿ ಅದು ಬಾಸ್ ಲೈನಿನ ಹತ್ತಿರದ ನೆಂಟ. ಆದರೆ ಚಳಿಯಲ್ಲಿ ಅಲ್ಲ, ಅದರ ಕಾರಣ ಮುಂದಿದೆ.

ತೇಲುವುದೋ, ಮುಳುಗುವುದೋ

ಬಾಸ್ ಎಷ್ಟು ಆಳದಲ್ಲಿದೆ ಎಂಬುದನ್ನು ನೀರಿನ ಬಿಸಿ ನಿರ್ಧರಿಸುತ್ತದೆ. ವಸಂತದಲ್ಲಿ ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಲಾರ್ಜ್‌ಮೌತ್‌ಗಳು ದಡದ ಬಳಿಯ ತೆಳುನೀರಿಗೆ ಬಂದು ಗೂಡು ಮಾಡಿ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ದಡದಲ್ಲಿ, ನಡುಹಗಲು ನೆರಳಿನಲ್ಲೋ ಆಳದಲ್ಲೋ. ಚಳಿಗಾಲದಲ್ಲಿ ಆಳಕ್ಕಿಳಿದು ಮಂದವಾಗುತ್ತವೆ. ಫ್ಲೈ ಹಿಡಿದು ಹೋಗುವವರಿಗೆ ಇದರಲ್ಲಿ ಸಂತೋಷದ ಸಮಯವೆಲ್ಲ ತೆಳುನೀರಿನದು. ಸುಮಾರು ನಾಲ್ಕೈದು ಅಡಿ ಆಳದವರೆಗೆ ತೇಲುವ ಲೈನೇ ಎಲ್ಲ ಕೆಲಸ ಮಾಡುತ್ತದೆ. ಮೇಲೆ ಪಾಪರ್, ಕೆಳಗೆ ಬೇಕೆಂದರೆ ಅದೇ ಲೈನಿಗೆ ಉದ್ದ ಲೀಡರ್ ಕಟ್ಟಿ ಕ್ಲೌಸರ್. ಬೇರೆ ಯಾವ ಲೈನಿನಿಂದಲೂ ಪಾಪರ್ ಆಡಿಸಲಾಗುವುದಿಲ್ಲ, ಲೈನ್ ಮುಳುಗುತ್ತಾ ಅದನ್ನೂ ಕೆಳಗೆಳೆಯುತ್ತದೆ. ಮೊದಲ ಲೈನ್ ತೇಲುವುದೇ ಆಗಿರಲಿ ಎಂದು ಹಟ ಹಿಡಿಯುವುದು ಇದಕ್ಕಾಗಿ. ಬಾಸ್ ಪಾಪರ್ ಮೇಲೆ ಬೀಳುವುದನ್ನು ನೋಡಲಿಕ್ಕಲ್ಲದಿದ್ದರೆ ಇಷ್ಟೆಲ್ಲ ಕಷ್ಟ ಯಾಕೆ? ಸ್ಪಿನ್ನಿಂಗ್ ರಾಡ್‌ನಲ್ಲಿ ಮೀನು ಇದಕ್ಕಿಂತ ಹೆಚ್ಚೇ ಸಿಗುತ್ತವೆ.

ಅದಕ್ಕಿಂತ ಆಳಕ್ಕೆ ಹೋಗಬೇಕಾದರೆ ಲೆಕ್ಕ ಸರಳ. ಇಂಟರ್‌ಮೀಡಿಯೆಟ್ ಲೈನ್ ಸೆಕೆಂಡಿಗೆ ಸುಮಾರು 3ರಿಂದ 4 ಸೆಂಟಿಮೀಟರ್ ಇಳಿಯುತ್ತದೆ. ಇನ್ನೂ ಬೇಗ ಮುಳುಗುವ ಲೈನುಗಳಲ್ಲಿ ಟೈಪ್ 3 ಎಂಬುದು ಸುಮಾರು 7.5, ಟೈಪ್ 6 ಸುಮಾರು 15. ಮೂರು ಮೀಟರ್ ಆಳ ಮುಟ್ಟಲು ಇಂಟರ್‌ಮೀಡಿಯೆಟ್‌ಗೆ ಒಂದೂಕಾಲು ನಿಮಿಷದ ಮೇಲೆ, ಟೈಪ್ 3ಕ್ಕೆ 40 ಸೆಕೆಂಡ್, ಟೈಪ್ 6ಕ್ಕೆ 20 ಸೆಕೆಂಡ್ ಬೇಕು. ಪ್ರತಿ ಎಸೆತಕ್ಕೂ ಒಂದೂಕಾಲು ನಿಮಿಷ ಸುಮ್ಮನೆ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎಳೆಯಲು ಶುರುಮಾಡಿದ ಕೂಡಲೇ ಲೈನ್ ಮೇಲೇಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಹಾಗಾಗಿ ಇಂಟರ್‌ಮೀಡಿಯೆಟ್ ನಿಜವಾಗಿ ಕೆಲಸಕ್ಕೆ ಬರುವುದು ಎರಡರಿಂದ ಆರು ಅಡಿಯ ನೀರಿನಲ್ಲಿ, ಮೀನಿನಾಕಾರದ ಫ್ಲೈಯನ್ನು ಒಂದೇ ಮಟ್ಟದಲ್ಲಿ ಎಳೆಯಲು. ಗಾಳಿ ಬೀಸುವ ದೊಡ್ಡ ಕೆರೆಗಳಲ್ಲಿ ಇದಕ್ಕೆ ಇನ್ನೊಂದು ಗುಣ: ಅಲೆಗಳ ಕೆಳಗೆ ಕೂರುವುದರಿಂದ ಲೈನ್ ಸೊಟ್ಟಗಾಗುವುದಿಲ್ಲ, ಮೀನು ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ.

ಆಳವೇ ಮುಖ್ಯವಾದರೆ ತುದಿಯ 24 ಅಡಿಯಷ್ಟು ಮಾತ್ರ ಬೇಗ ಮುಳುಗುವ, ಉಳಿದದ್ದು ತೇಲುವ ಅಥವಾ ನಿಧಾನ ಇಳಿಯುವ ಸಿಂಕ್ ಟಿಪ್ ಲೈನ್ ನೋಡಿ. ಇವುಗಳ ಮೇಲೆ ನಂಬರಿನ ಬದಲು ನೇರವಾಗಿ ಗ್ರೇನ್ ಬರೆದಿರುವುದುಂಟು. 8ರ ರಾಡ್‌ಗೆ 250 ಗ್ರೇನ್ ಸಾಮಾನ್ಯ ಜೋಡಿ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ಡೆಲ್ಟಾದಲ್ಲಿ ಇಂಥ ಲೈನ್ ಇಲ್ಲದೆ ಆಗುವುದಿಲ್ಲ. ಅಲ್ಲಿ ಸಮುದ್ರದ ಉಬ್ಬರ ಇಳಿತಕ್ಕೆ ಕಾಲುವೆಗಳ ನೀರು ಹರಿಯುತ್ತಲೇ ಇರುತ್ತದೆ, ಲಾರ್ಜ್‌ಮೌತ್ ಜೊತೆಗೆ ಸ್ಟ್ರೈಪ್ಡ್ ಬಾಸ್ ಕೂಡ ಸಿಗುತ್ತದೆ, ಅದು ಆಳದ ಗಿರಾಕಿ. ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡಿಗರಿಗೆ ವಾರಾಂತ್ಯಕ್ಕೆ ಹೋಗಿಬರಬಹುದಾದ ದೂರ. ಅವರ ಎರಡನೆಯ ಲೈನ್ ಇಂಟರ್‌ಮೀಡಿಯೆಟ್ ಆಗುವುದಕ್ಕಿಂತ ಇದಾಗುವುದು ಒಳ್ಳೆಯದು. ಫ್ಲಾರಿಡಾದ ಓಕಿಚೋಬಿ ಸರೋವರ ಅದಕ್ಕೆ ತದ್ವಿರುದ್ಧ. ಕಣ್ಣಿಗೆ ಸಮುದ್ರದಂತೆ ಕಂಡರೂ ಸರಾಸರಿ ಆಳ ಒಂಬತ್ತು ಅಡಿಯಷ್ಟೇ, ಅಂಚಿನ ಜೊಂಡಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಲಿ ಎರಡನೆಯ ಲೈನ್ ಬೇಕೆನಿಸಿದರೆ ಇಂಟರ್‌ಮೀಡಿಯೆಟ್ ಸಾಕು.

ಉದ್ದಕ್ಕೂ ಮುಳುಗುವ ಲೈನ್ ಬೇಕಾಗುವುದು ದೋಣಿಯಿಂದ ಆಳದ ಜಲಾಶಯಗಳಲ್ಲಿ ಬಂಡೆಯ ಅಂಚು ಹುಡುಕುವವರಿಗೆ. ಅಷ್ಟು ಮುಂದೆ ಹೋದವರಿಗೆ ಈ ಲೇಖನದ ಅಗತ್ಯವಿಲ್ಲ.

ಬಿಸಿಲು, ಚಳಿ

ಹೆಚ್ಚಿನ ಲೈನುಗಳ ಹೊದಿಕೆ ಪಿವಿಸಿ, ಕೆಲವು ಕಂಪನಿಗಳದು ಪಾಲಿಯುರೆಥೇನ್. ತೇಲಲೆಂದು ಅದರೊಳಗೆ ಕಣ್ಣಿಗೆ ಕಾಣದ ಟೊಳ್ಳು ಗಾಜಿನ ಗುಳ್ಳೆಗಳನ್ನು, ಮುಳುಗಲೆಂದು ಟಂಗ್‌ಸ್ಟನ್ ಪುಡಿಯನ್ನು ಬೆರೆಸಿರುತ್ತಾರೆ. ತಣ್ಣೀರಿನ ಟ್ರೌಟ್‌ಗೆ ಮಾಡಿದ ಮೆದು ಲೈನ್ ಟೆಕ್ಸಾಸಿನ ಜುಲೈ ಬಿಸಿಲಿಗೆ ಜೋಲಾಗಿ ರಾಡ್ ಬಳೆಗಳಿಗೆ ಅಂಟತೊಡಗುತ್ತದೆ. ಉಷ್ಣವಲಯಕ್ಕೆಂದು ಗಟ್ಟಿಯಾಗಿ ಮಾಡಿದ್ದು ಮಿಷಿಗನ್‌ನ ಏಪ್ರಿಲ್ ನೀರಿನಲ್ಲಿ ರೀಲ್‌ನ ಸುರುಳಿಯನ್ನೇ ನೆನಪಿಟ್ಟುಕೊಂಡು ಸ್ಪ್ರಿಂಗ್ ಆಗುತ್ತದೆ. ಬಾಸ್ ಲೈನುಗಳು ಸಾಮಾನ್ಯವಾಗಿ ನಡುವಿನವು. ದಕ್ಷಿಣದ ರಾಜ್ಯಗಳಲ್ಲಿದ್ದರೆ ಬಿಸಿಗೆ ಒಗ್ಗುವ ಹೊದಿಕೆ, ಉತ್ತರದಲ್ಲಿದ್ದರೆ ಹೆಣೆದ ನೈಲಾನ್ ಎಳೆಯ ಮೆದು ಲೈನ್ ಎಂದು ಕೇಳಿ ಪಡೆಯಿರಿ.

ದುಡ್ಡು ಎಲ್ಲಿ ಉಳಿಸಬಹುದು

130 ಡಾಲರಿನ ಲೈನ್ ಹೆಚ್ಚು ಜಾರುತ್ತದೆ, ಹೆಚ್ಚು ದಿನ ಬಾಳುತ್ತದೆ, ಮೇಲ್ಮೈ ಒರಟು ವಿನ್ಯಾಸದ್ದಾದರೆ ಇನ್ನೂ ಎತ್ತರ ತೇಲುತ್ತದೆ. ಆದರೆ ಅದರಲ್ಲಿ ಬಹುಪಾಲು ಗುಣ ದೂರ ಎಸೆಯುವವರಿಗೆ. ನಲವತ್ತು ಅಡಿ ದೂರದ ಜೊಂಡಿಗೆ ಪಾಪರ್ ಎಸೆಯಲು ಸರಿಯಾದ ಹೆಡ್ ಇರುವ 60 ಡಾಲರಿನ ಬಾಸ್ ಲೈನ್, ತಪ್ಪು ಹೆಡ್‌ನ ದುಬಾರಿ ಟ್ರೌಟ್ ಲೈನಿಗಿಂತ ಎಷ್ಟೋ ವಾಸಿ. ಮೇಲಾಗಿ ಬಾಸ್ ಇರುವಲ್ಲಿ ಮುಳ್ಳು, ಕೊಂಬೆ, ಸಿಮೆಂಟು ಕಟ್ಟೆ ಇದ್ದೇ ಇರುತ್ತವೆ, ಲೈನ್ ಉಜ್ಜಿ ಸವೆಯುತ್ತದೆ. ರಾಡ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಎರಡು ಲೈನ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಾಣತನ.

ಆಯ್ಕೆ ಮುಗಿದ ಮೇಲೆ ಉಳಿಯುವುದು ಸಣ್ಣಪುಟ್ಟ ವಿಷಯ. ರೀಲ್‌ಗೆ ಮೊದಲು ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಕಟ್ಟುವ 20 ಪೌಂಡ್ ಎಳೆತ ತಡೆಯುವ ಡಾಕ್ರಾನ್ ದಾರ, 50 ಗಜ ಸುತ್ತಿದರೆ ಸಾಕು. ಬಾಸ್ ದೂರ ಓಡುವ ಮೀನಲ್ಲ, ಗಿಡದೊಳಗೆ ನುಗ್ಗುವ ಮೀನು. ಬ್ಯಾಕಿಂಗ್‌ನ ಮುಖ್ಯ ಕೆಲಸ ಸ್ಪೂಲ್ ತುಂಬಿಸುವುದು. ತೇಲುವ ಲೈನಿಗೆ ಏಳೆಂಟು ಅಡಿಯ ನೈಲಾನ್ ಲೀಡರ್, ತುದಿಯಲ್ಲಿ 12ರಿಂದ 16 ಪೌಂಡ್. ಲೀಡರಿಗೆ ಬಳಸುವ ಇನ್ನೊಂದು ದಾರ ಫ್ಲೂರೋಕಾರ್ಬನ್ ಮುಳುಗುವುದರಿಂದ ಪಾಪರ್ ಮೂತಿಯನ್ನು ಕೆಳಗೆಳೆಯುತ್ತದೆ. ಮುಳುಗುವ ಲೈನಿಗೆ ಅದೇ ಸರಿ, ನಾಲ್ಕಡಿ ಸಾಕು. ಉದ್ದ ಇಟ್ಟರೆ ಲೈನ್ ಕೆಳಗೆ ಹೋಗಿ ಫ್ಲೈ ಮಾತ್ರ ಮೇಲೆ ಉಳಿಯುತ್ತದೆ.

ಪಾಚಿ, ಧೂಳು ಹತ್ತಿದ ಲೈನಿನ ತುದಿ ಮುಳುಗತೊಡಗಿದರೆ ಹೊಸದಕ್ಕೆ ಓಡುವ ಮೊದಲು ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಒರೆಸಿ ನೋಡಿ. ಅದಾದ ಮೇಲೂ ಮುಳುಗಿದರೆ ಹೊದಿಕೆ ಬಿರುಕು ಬಿಟ್ಟು ಒಳಗಿನ ಎಳೆ ನೀರು ಕುಡಿಯುತ್ತಿದೆ ಎಂದರ್ಥ. ಸಂಜೆ ಕೆರೆದಂಡೆಯ ಸೊಳ್ಳೆಗೆ ಹಚ್ಚಿಕೊಳ್ಳುವ ಡೀಟ್ ಇರುವ ಮುಲಾಮು ಪಿವಿಸಿ ಹೊದಿಕೆಯನ್ನು ಕರಗಿಸುತ್ತದೆ. ಹಚ್ಚಿಕೊಂಡ ಕೈಯನ್ನು ತೊಳೆಯದೆ ಲೈನ್ ಮುಟ್ಟಬೇಡಿ.